ಬೆಲೆ ಇಳಿಸದೆ ಮಾತ್ರೆ ಮಾರಿದ ಬಗೆ

ಪೂರ್ವ ಆಫ್ರಿಕಾದ ಎರಡು ದೇಶಗಳಲ್ಲಿ ನಮ್ಮ ಮಾತ್ರೆ ಈಗ ನಮ್ಮದೇ ಹೆಸರಿನ ನೋಂದಣಿಯಲ್ಲಿ (ಆ ದೇಶ ಕೊಡುವ ಮಾರಾಟದ ಅನುಮತಿ) ಮಾರಾಟವಾಗುತ್ತಿದೆ. ಕಾರವಾರದ ಕಾಜುಬಾಗದಲ್ಲಿ ಎರಡು ಕೋಣೆಯ ಕಚೇರಿ, ಗೋವಾದ ವೆರ್ನಾದ ಕಾರ್ಖಾನೆಯೊಂದರಲ್ಲಿ ಲೋನ್ ಲೈಸೆನ್ಸ್ (ಬೇರೆಯವರ ಕಾರ್ಖಾನೆಯಲ್ಲಿ ನಮ್ಮ ಮಾಲು ತಯಾರಿಸುವ ಪರವಾನಗಿ), ನಾಲ್ಕು ಜನ. ನಮ್ಮ ಬಳಗ ಇಷ್ಟೇ. "ಅಹಮದಾಬಾದಿನ ದೊಡ್ಡ ಔಷಧ ಕಂಪನಿಗಳ ದರದ ಎದುರು ನೀವು ನಿಲ್ಲುವುದುಂಟೇ?" ಎಂದು ಕೇಳಿದವರೇ ಹೆಚ್ಚು. ಆ ದರಕ್ಕೆ ನಾವು ಇಳಿಯಲೇ ಇಲ್ಲ.

ಶುರುವಿನಲ್ಲಿ ಎಲ್ಲರಂತೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹಿಡಿದುಕೊಂಡು ಟೆಂಡರಿಗೆ ಹೋಗಿದ್ದೆವು. ಗೆದ್ದವರ ದರ ನಮ್ಮ ಕಚ್ಚಾ ಸಾಮಗ್ರಿಯ ಖರ್ಚಿಗಿಂತ ತುಸು ಮೇಲಿತ್ತು, ಅಷ್ಟೆ. ಎಪಿಐಯನ್ನು, ಅಂದರೆ ಮಾತ್ರೆಯೊಳಗಿನ ಮೂಲ ಔಷಧವನ್ನು, ತಾವೇ ತಯಾರಿಸುವವರ ಮುಂದೆ ಡ್ರಮ್ಮಿನ ಲೆಕ್ಕದಲ್ಲಿ ಕೊಳ್ಳುವವರ ಆಟ ನಡೆಯುವುದಿಲ್ಲ. ಸಿಪ್ಲಾ 2001ರಲ್ಲಿ ಏಡ್ಸ್ ಔಷಧವನ್ನು ರೋಗಿಯೊಬ್ಬರಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆಂದು ಮುಂದೆ ಬಂದದ್ದನ್ನು ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ. ದೊಡ್ಡ ಪ್ರಮಾಣ ಇದ್ದವರಿಗೆ ಅದು ಸರಿ.

ಆಮೇಲೆ ನೈಜೀರಿಯಾ. ಅಲ್ಲಿನ ಏಜೆಂಟ್ ನೋಂದಣಿಯನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡ. ಎರಡನೆಯ ವರ್ಷ ಅದನ್ನೇ ಮುಂದೊಡ್ಡಿ ಶೇ. 20ರಷ್ಟು ಕಡಿತ ಕೇಳಿದ. ಅದು ಬಗೆಹರಿಯುವ ಮೊದಲೇ, 2023ರ ಜೂನ್‌ನಲ್ಲಿ, ಅಲ್ಲಿನ ಸರ್ಕಾರ ತನ್ನ ನಾಣ್ಯ ನೈರಾದ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಕೆಲವೇ ತಿಂಗಳಲ್ಲಿ ಅದರ ಬೆಲೆ ಅರ್ಧಕ್ಕೂ ಕೆಳಗಿಳಿಯಿತು. ನಮ್ಮ ಬಾಕಿ ಹನ್ನೊಂದು ಲಕ್ಷದ ಆಸುಪಾಸು ಇತ್ತು. ಬಂದದ್ದು ನಾಲ್ಕು ಚಿಲ್ಲರೆ.

ದಾರಿ ತೋರಿಸಿದ್ದು ನಮ್ಮ ಕರಾವಳಿಯ ತೇವ. ಶಿರಸಿಯಲ್ಲಿ ನನ್ನ ಸೋದರಮಾವ ಅಡಿಕೆ ವ್ಯಾಪಾರಿ. ಮಳೆಗಾಲದಲ್ಲಿ ಅವರ ಮಂಡಿಗೆ ಹೋಗಿದ್ದಾಗ, "ಈಗ ತೂಗಿ ಕೊಂಡರೆ ನೀರಿಗೂ ದುಡ್ಡು ಕೊಡಬೇಕು ತಮ್ಮಾ" ಎಂದರು. ನಾನು ಮಾತ್ರೆಯನ್ನೂ ತೂಗಿ ನೋಡಿದೆ. ತೇವ ಹೀರುವ ಒಂದು ಮಾತ್ರೆಯನ್ನು ಸಾದಾ ಪಿವಿಸಿ ಪ್ಲಾಸ್ಟಿಕ್, ತೇವ ತಡೆಯುವ ಪಿವಿಡಿಸಿ ಲೇಪದ್ದು, ಎರಡೂ ಬದಿ ಅಲ್ಯೂಮಿನಿಯಂ ಹಾಳೆಯ ಅಲು-ಅಲು ಎಂದು ಮೂರು ಬಗೆಯ ಬ್ಲಿಸ್ಟರಿನಲ್ಲಿ (ಮಾತ್ರೆಯ ಪಟ್ಟಿ) ತುಂಬಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಅಟ್ಟದ ಮೇಲೆ ಇಟ್ಟೆ. ವಾರಕ್ಕೊಮ್ಮೆ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ. ಬಂಗಾರ ತೂಗುವ ಗಾಜಿನ ಪೆಟ್ಟಿಗೆಯೊಳಗೆ ಮಾತ್ರೆಯ ಪಟ್ಟಿ ಇಡುವುದನ್ನು ಕಂಡು ಗಿರಾಕಿಗಳು ನಗುತ್ತಿದ್ದರು. ಗಣೇಶ ಚವತಿಯ ಹೊತ್ತಿಗೆ ಪಿವಿಸಿ ಪಟ್ಟಿ ನೂರು ಮಿಲಿಗ್ರಾಮಿನಷ್ಟು ಏರಿತ್ತು, ಮಾತ್ರೆಗಳ ಅಂಚಿನಲ್ಲಿ ಕಂದು ಚುಕ್ಕೆ ಮೂಡಿತ್ತು. ಪಿವಿಡಿಸಿ ಅದರ ಮೂರನೇ ಒಂದು ಪಾಲು ಏರಿತ್ತು. ಅಲು-ಅಲುವಿನ ಅಂಕಿ ಕದಲಿರಲಿಲ್ಲ.

ಇದನ್ನು ನೋಂದಣಿಗೆ ಸಲ್ಲಿಸುವ ಕಡತಕ್ಕೆ, ಡಾಸಿಯರಿಗೆ, ಹಾಕಲಾಗದು, ಗೊತ್ತು. ಆದರೆ ಯಾವುದನ್ನು ಚೇಂಬರಿಗೆ, ಅಂದರೆ ಶಾಖ-ತೇವ ನಿಗದಿ ಮಾಡಿ ಮಾತ್ರೆಯ ಬಾಳಿಕೆ ನೋಡುವ ಪೆಟ್ಟಿಗೆಗೆ, ಇಡಬೇಕೆಂದು ಚೇಂಬರಿನ ಬಾಡಿಗೆ ಕಟ್ಟುವ ಮೊದಲೇ ತಿಳಿಯಿತು. 40 ಡಿಗ್ರಿ ಶಾಖ, ಶೇ. 75ರ ಗಾಳಿಯ ತೇವದಲ್ಲಿ ಆರು ತಿಂಗಳ ಪರೀಕ್ಷೆಯ ಜೊತೆಗೆ, ದೀರ್ಘಾವಧಿಯದನ್ನು ಶೇ. 65ಕ್ಕೆ ನಿಲ್ಲಿಸದೆ 30 ಡಿಗ್ರಿ, ಶೇ. 75ರಲ್ಲೇ ನಡೆಸಿದೆವು. ಆ ಎರಡು ದೇಶಗಳಲ್ಲಿ ಇದೇ ಔಷಧ ಮಾರುತ್ತಿದ್ದವರು ಪಿವಿಸಿಯಲ್ಲಿ, "25 ಡಿಗ್ರಿಯ ಕೆಳಗೆ ಇಡಿ" ಎಂಬ ಸೂಚನೆಯೊಂದಿಗೆ, 24 ತಿಂಗಳ ಬಾಳಿಕೆಯ ಅವಧಿಗೆ ಕೊಡುತ್ತಿದ್ದರು. ನಾವು 36 ತಿಂಗಳು ಕೊಟ್ಟೆವು. ಹಡಗು, ಕಸ್ಟಮ್ಸ್, ಗೋದಾಮು ಎಂದು ಐದಾರು ತಿಂಗಳು ಕಳೆದರೂ ವಿತರಕನಿಗೆ ಮಾರಲು ಎರಡು ವರ್ಷಕ್ಕೂ ಹೆಚ್ಚು ಸಮಯ ಉಳಿಯುತ್ತದೆ. ಅದಕ್ಕೆ ಅವನು ಶೇ. 15ರಷ್ಟು ಹೆಚ್ಚು ಕೊಟ್ಟ, ಚೌಕಾಸಿ ಮಾಡದೆ.

ಯಾವ ಔಷಧ ಎಂದು ಇಲ್ಲಿ ಬರೆಯುವುದಿಲ್ಲ. ವರ್ಷಕ್ಕೆ ಕೆಲವೇ ಬ್ಯಾಚ್ ಬೇಡಿಕೆ, ಅದಕ್ಕೇ ದೊಡ್ಡವರು ಅತ್ತ ತಲೆ ಹಾಕಿಲ್ಲ. ನೋಂದಣಿ ನಮ್ಮ ಹೆಸರಿನಲ್ಲೇ ಉಳಿಯುವಂತೆ ಸ್ಥಳೀಯ ಪ್ರತಿನಿಧಿಯ ಒಪ್ಪಂದದಲ್ಲಿ ಸೇರಿಸಿದ ಕಲಮೂ ನನ್ನಲ್ಲೇ ಇರಲಿ.

ಖರ್ಚಿನ ವಿಷಯ. ಚೇಂಬರ್, ಮಾದರಿಗಳು, ಸಿಒಪಿಪಿ (ರಫ್ತಿಗೆ ಬೇಕಾದ, ಔಷಧದ ಬಗೆಗಿನ ಸರ್ಕಾರಿ ಪ್ರಮಾಣಪತ್ರ), ಅಲ್ಲಿನ ಶುಲ್ಕ ಎಲ್ಲ ಸೇರಿ ದೇಶವೊಂದಕ್ಕೆ ಆರು ಲಕ್ಷದ ಹತ್ತಿರ. ಸಣ್ಣ ಬ್ಯಾಚಿಗೆ ಅಲು-ಅಲು ಯಂತ್ರದ ಅಚ್ಚು ಬದಲಿಸಲು ಕಾರ್ಖಾನೆಯವರು ಗೊಣಗಿದ್ದರಿಂದ, ಮೂರೂವರೆ ಲಕ್ಷ ಕೊಟ್ಟು ಅಚ್ಚನ್ನು ನಾವೇ ಮಾಡಿಸಿದೆವು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದ್ದೇನೆ. ಬೇರೆಯವರ ಮಾಲು ಅದರಲ್ಲಿ ಓಡಬಾರದಲ್ಲ!

ಈಗ ಮೊಜಾಂಬಿಕ್. ಅಲ್ಲಿ ಲೇಬಲ್, ಒಳಗಿನ ಚೀಟಿ ಪೋರ್ಚುಗೀಸಿನಲ್ಲಿರಬೇಕು. ಮುಂಬೈಯ ಅನುವಾದ ಸಂಸ್ಥೆ ಕೇಳಿದ್ದರ ಕಾಲು ಭಾಗಕ್ಕೆ ಮಡಗಾಂವದ ನಿವೃತ್ತ ಶಿಕ್ಷಕರೊಬ್ಬರು ತಿದ್ದಿಕೊಟ್ಟರು. ಕಾರವಾರದಲ್ಲಿ ಕುಳಿತ ಲಾಭ ಇದು. ಹಣದ ಷರತ್ತು ಅಲ್ಲಿಗೂ ಅದೇ: ಶೇ. 40 ಮುಂಗಡ, ಉಳಿದದ್ದು ಬಿ.ಎಲ್. (ಮಾಲು ಹಡಗಿಗೆ ಏರಿದ್ದಕ್ಕೆ ಸಿಗುವ ರಸೀದಿ) ಪ್ರತಿ ಕಂಡ ಮೇಲೆ, ಡಾಲರಿನಲ್ಲೇ. ಮಾತಿಗೆ ಬಂದ ಮೊದಲ ವಿತರಕ ಇದನ್ನು ಕೇಳಿ ಎದ್ದುಹೋದ. ಎರಡನೆಯವನು ಶೇ. 30ಕ್ಕೆ ಇಳಿಸಿ ಎನ್ನುತ್ತಿದ್ದಾನೆ. ಇಳಿಸುವುದಿಲ್ಲ ಎಂದು ಬರೆದಿದ್ದೇನೆ.