ಒತ್ತಿದರೆ ಕರೆ ಹೋಗಬೇಕು: ಫೋನ್, ಮೇಲ್ ಲಿಂಕ್ ಬರೆಯುವ ಬಗೆ

ಪರಿಚಯದವರೊಬ್ಬರ ಬೆಂಗಳೂರಿನ ಅಂಗಡಿಗೆ ವೆಬ್‌ಪುಟ ಮಾಡಿಕೊಟ್ಟಿದ್ದೆ. ಫೋನ್ ಲಿಂಕ್‌ನಲ್ಲಿ ನಂಬರನ್ನು 080 ಅಂತಲೇ ಶುರು ಮಾಡಿದ್ದೆ. ಇಲ್ಲಿ ಒತ್ತಿದರೆ ಕರೆ ಹೋಗುತ್ತಿತ್ತು, ದುಬೈನಲ್ಲಿರುವ ಅವರ ಮಗಳು ಒತ್ತಿದರೆ ಇಲ್ಲ. ತಪ್ಪು ನಂದೇ.

ಲಿಂಕ್‌ನಲ್ಲಿ ಕೋಲನ್‌ಗಿಂತ ಮುಂಚೆ ಬರುವ ಹೆಸರಿಗೆ ಸ್ಕೀಮ್ ಅಂತಾರೆ. ಕರೆಗೆ ‘ಟೆಲ್’, ಮೇಲ್‌ಗೆ ‘ಮೇಲ್‌ಟು’, ಮೆಸೇಜ್‌ಗೆ ‘ಎಸ್‌ಎಂಎಸ್’. ಕೋಡ್‌ನಲ್ಲಿ ಇವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆಯಿರಿ. ದೊಡ್ಡಕ್ಷರ ಹಾಕಿದರೂ ನಡೆಯುತ್ತೆ, ಆದರೆ ವಾಡಿಕೆ ಸಣ್ಣದು. ಕೋಲನ್ ಆದಮೇಲೆ // ಹಾಕಬೇಡಿ, ಅದು ವೆಬ್ ವಿಳಾಸ ಬರೆದು ಬರೆದು ಕೈಗೆ ಅಂಟಿದ ಚಾಳಿ.

ಫೋನ್‌ ಲಿಂಕ್‌ಗೆ 2004ರ ಆರ್‌ಎಫ್‌ಸಿ 3966 ಇದೆ (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮಗಳನ್ನು ಬರೆದಿಡುವ ದಾಖಲೆ). + ಹಾಕಿ, ದೇಶದ ಕೋಡ್ 91 ಬರೆಯಿರಿ, ಆಮೇಲೆ ನಂಬರು. ಸ್ಥಿರ ದೂರವಾಣಿಯಾದರೆ 080ರ ಮೊದಲ ಸೊನ್ನೆ ಬಿಟ್ಟು 80 ಅಂತ ಮಾತ್ರ ಹಾಕಿ. ಓದಲು ಸುಲಭವಾಗಲಿ ಅಂತ ನಡುವೆ ಅಡ್ಡಗೆರೆ ಹಾಕಬಹುದು, ಖಾಲಿ ಜಾಗ ಮಾತ್ರ ಬಿಡಬಾರದು.

ವಾಟ್ಸಾಪ್‌ನ ‘ಡಬ್ಲ್ಯೂಎ ಡಾಟ್ ಎಂಇ’ ಲಿಂಕ್‌ನಲ್ಲಿ ಉಲ್ಟಾ, + ಬೇಡವೇ ಬೇಡ, 91ರಿಂದ ಸೀದಾ ಅಂಕಿಗಳು, ಅಡ್ಡಗೆರೆಯೂ ಇಲ್ಲ. ಎರಡೂ ಕಡೆ ಒಂದೇ ನಂಬರು ಕಾಪಿ ಮಾಡಿ ಹಾಕುವವರು ಎಡವೋದು ಇಲ್ಲೇ.

ಮೇಲ್ ಲಿಂಕ್‌ನಲ್ಲಿ ವಿಳಾಸದ ನಂತರ ಪ್ರಶ್ನೆ ಚಿಹ್ನೆ ಹಾಕಿ ವಿಷಯವನ್ನೂ ಮೊದಲೇ ತುಂಬಿಸಿಡಬಹುದು. ಪದಗಳ ನಡುವೆ ಖಾಲಿ ಜಾಗದ ಬದಲು %20 ಬರಬೇಕು. + ಹಾಕಿದರೆ ಕೆಲವು ಆಪ್‌ಗಳಲ್ಲಿ ಅದು + ಆಗಿಯೇ ಕಾಣುತ್ತೆ. ಕನ್ನಡದಲ್ಲಿ ವಿಷಯ ಬರೆಯೋದಾದರೆ ಅದನ್ನೂ ಹೀಗೇ % ಇರುವ ಸಂಕೇತಗಳಾಗಿ ಬದಲಿಸಬೇಕು, ಆಗ ‘ನಮಸ್ಕಾರ’ ಅನ್ನೋ ಒಂದು ಪದವೇ 63 ಅಕ್ಷರ ಆಗುತ್ತೆ! ಕೈಯಲ್ಲಿ ಬರೆಯೋಕೆ ಹೋಗಬೇಡಿ, ಜಾವಾಸ್ಕ್ರಿಪ್ಟ್‌ನಲ್ಲಿ ಈ ಕೆಲಸಕ್ಕೇ ಇರುವ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಅನ್ನೋ ಫಂಕ್ಷನ್‌ಗೆ ಕೊಟ್ಟುಬಿಡಿ.

ನಿಮ್ಮದೇ ಆಪ್‌ಗೆ ಹೊಸ ಸ್ಕೀಮ್ ಬೇಕೇ? ನಿಜವಾಗಿ ಬೇಕಾ ಅಂತ ಎರಡು ಸಲ ಯೋಚಿಸಿ. ಬೇಕೇ ಬೇಕಾದರೆ, ಹೆಸರು ಇಂಗ್ಲಿಷ್ ಅಕ್ಷರದಿಂದ ಶುರುವಾಗಬೇಕು, ಆಮೇಲೆ ಅಕ್ಷರ, ಅಂಕಿ, +, -, ಚುಕ್ಕಿ ಅಷ್ಟೇ. ಅಂಡರ್‌ಸ್ಕೋರ್ ಇಲ್ಲ, ಕನ್ನಡ ಅಕ್ಷರವೂ ಇಲ್ಲ. ‘ಚಾಟ್’ ತರಹದ ಸಾಮಾನ್ಯ ಹೆಸರು ಇಟ್ಟರೆ ಇನ್ನೊಬ್ಬರೂ ಅದನ್ನೇ ಇಟ್ಟಿರುತ್ತಾರೆ. ಆಗ ಯಾವ ಆಪ್ ತೆರೆಯುತ್ತೋ ದೇವರೇ ಬಲ್ಲ. ಅದಕ್ಕೇ 2015ರ ಆರ್‌ಎಫ್‌ಸಿ 7595, ಖಾಸಗಿ ಸ್ಕೀಮ್‌ಗೆ ನಿಮ್ಮ ಡೊಮೇನ್ ಹೆಸರನ್ನೇ (ವೆಬ್‌ಸೈಟಿನ ಹೆಸರು), ಚುಕ್ಕಿಗಳ ನಡುವಿನ ಭಾಗಗಳನ್ನು ಹಿಂದುಮುಂದಾಗಿಸಿ ಬಳಸಿ ಅನ್ನುತ್ತೆ. ಯಾವ ಹೆಸರು ಈಗಾಗಲೇ ನೋಂದಣಿಯಾಗಿದೆ ಅಂತ ಇಂಥ ಹೆಸರುಗಳ ದಾಖಲೆ ಇಡುವ ಐಎಎನ್‌ಎ ಸಂಸ್ಥೆಯ ಪಟ್ಟಿಯಲ್ಲಿ ನೋಡಬಹುದು.

ಇನ್ನೊಂದು ಮಾತು. ಮೇಲ್ ಆಪ್ ಹೊಂದಿಸದ ಕಂಪ್ಯೂಟರಿನಲ್ಲಿ ಮೇಲ್ ಲಿಂಕ್ ಒತ್ತಿದರೆ ಎಷ್ಟೋ ಸಲ ಏನೂ ಆಗಲ್ಲ. ಅದಕ್ಕೆ ‘ಇಲ್ಲಿ ಒತ್ತಿ’ ಅಂತ ಸುಮ್ನೆ ಬರೆಯೋ ಬದಲು ವಿಳಾಸವನ್ನೇ ಕಾಣುವ ಹಾಗೆ ಹಾಕಿ, ಕಾಪಿಯಾದರೂ ಮಾಡಿಕೊಳ್ಳಲಿ.