ಸ್ಪಿರಿಟ್ ಜಾಡಿಯ ತಳದಲ್ಲಿ ಬಾವಲಿ ನೊಣ

ಬಾವಲಿಯ ಮೈಮೇಲೆ ಬದುಕಿ ರಕ್ತ ಹೀರುವ ಬಾವಲಿ ನೊಣ ಮ್ಯೂಸಿಯಂನಲ್ಲಿ ಬೇಕಾದರೆ ನಾನು ಮೊದಲು ಹೋಗುವುದು ಕೀಟಗಳ ಕಪಾಟಿಗೆ ಅಲ್ಲ, ಸ್ಪಿರಿಟ್‌ನಲ್ಲಿಟ್ಟ ಬಾವಲಿಗಳ ಹತ್ತಿರ. ಬಾವಲಿಯನ್ನು ಹಿಡಿದವರಿಗೆ ಈ ನೊಣ ಬೇಕಾಗಿರಲಿಲ್ಲ. ಅದು ಸುಮ್ನೆ ಜೊತೆಗೆ ಬಂದಿರುತ್ತದೆ.

ಜಾಡಿಯ ತಳದ ಗಸಿಯನ್ನು ಬಿಳಿ ತಟ್ಟೆಗೆ ಸುರಿಯುತ್ತೇನೆ. ಉದುರಿದ ಕೂದಲಿನ ನಡುವೆ ಕಂದು ಬಣ್ಣದ, ಕೆಲವೇ ಮಿಲಿಮೀಟರ್ ಉದ್ದದ ಹುಳು ಕಾಣುತ್ತವೆ. ಆಮೇಲೆ ಬಾವಲಿಯ ಕಂಕುಳು, ಕತ್ತು, ರೆಕ್ಕೆಯ ಬುಡದ ಕೂದಲನ್ನು ಸಣ್ಣ ಬ್ರಷ್‌ನಿಂದ ಬಿಡಿಸಿ ನೋಡಬೇಕು. ಚಿಮಟ ಹಾಕಿ ಎಳೆದರೆ ಕಾಲು ಮುರಿಯುತ್ತದೆ.

ಸಿಕ್ಕ ನೊಣ ನಿಕ್ಟೆರಿಬಿಯಿಡೀ ಎಂಬ ಕುಟುಂಬದ್ದಾದರೆ ರೆಕ್ಕೆ ಇರುವುದಿಲ್ಲ. ನೋಡಲು ಜೇಡದ ಹಾಗೆ, ಆದರೆ ಕಾಲು ಆರೇ. ತಲೆ ಹಿಂದಕ್ಕೆ ಮಡಚಿ ಬೆನ್ನಿನ ಮೇಲಿನ ತೋಡಿನಲ್ಲಿ ಕೂತಿರುತ್ತದೆ. ಹೊಸಬರು ತಲೆಯೇ ಕಳಚಿ ಹೋಗಿದೆ ಅಂದುಕೊಳ್ಳುತ್ತಾರೆ. ಇನ್ನೊಂದು ಗುಂಪು ಸ್ಟ್ರೆಬ್ಲಿಡೀ. ಅದರಲ್ಲಿ ಹೆಚ್ಚಿನವಕ್ಕೆ ರೆಕ್ಕೆ ಇದೆ.

ಜಾಡಿಯಲ್ಲಿ ಸಿಗುವುದು ಬೆಳೆದ ನೊಣ ಮಾತ್ರ. ತಾಯಿ ಮೊಟ್ಟೆ ಇಡುವುದಿಲ್ಲ. ಒಂದೊಂದೇ ಮರಿಯನ್ನು ಹೊಟ್ಟೆಯೊಳಗೇ ಹಾಲಿನಂಥ ರಸ ಕೊಟ್ಟು ಬೆಳೆಸುತ್ತದೆ. ಕೊನೆಗೆ ಬಾವಲಿಯ ಮೈಬಿಟ್ಟು ಇಳಿದು, ಬಾವಲಿಗಳು ತಂಗುವ ಗೋಡೆಗೋ ಬಂಡೆಗೋ ಮರಿಯನ್ನು ಅಂಟಿಸಿ ಬರುತ್ತದೆ. ಅಲ್ಲೇ ಆ ಮರಿ ಕೋಶ (ಪ್ಯೂಪಾ) ಆಗುತ್ತದೆ. ಹೊಟ್ಟೆ ಉಬ್ಬಿದ ಹೆಣ್ಣು ಸಿಕ್ಕರೆ ನನಗೆ ಖುಷಿ ಜಾಸ್ತಿ.

ಜಾತಿ ಗುರುತಿಸಲು ಗಂಡಿನ ಹೊಟ್ಟೆಯ ತುದಿಯ ಕೊಂಡಿಗಳನ್ನು ನೋಡಬೇಕು. ಅದಕ್ಕೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಒಳಗಿನ ಮಾಂಸ ಕರಗಿಸಿ, ನೀರು ತೆಗೆದು, ಕೆನಡಾ ಬಾಲ್ಸಮ್ ಎಂಬ ಪಾರದರ್ಶಕ ಅಂಟಿನಲ್ಲಿ ಸ್ಲೈಡ್ ಮಾಡುತ್ತೇನೆ. ಆದರೆ ಎರಡು ಕೆಲಸ ಮೊದಲೇ ಮುಗಿಯಬೇಕು. ಒಂದು ಡಿಎನ್‌ಎ ತೆಗೆಯುವುದು, ನೊಣ ಆ ದ್ರಾವಣಕ್ಕೆ ಬಿದ್ದ ಮೇಲೆ ಅದರ ಆಸೆ ಬಿಡಬೇಕು. ಇನ್ನೊಂದು, ನೊಣದ ಮೈಮೇಲೆ ಬೆಳೆಯುವ ಆರ್ತ್ರೊರಿಂಕಸ್ ಎಂಬ ಶಿಲೀಂಧ್ರ ಇದೆಯೇ ಎಂದು ನೋಡುವುದು. ಬಾವಲಿಯ ರಕ್ತ ಹೀರುವ ನೊಣ, ಆ ನೊಣವನ್ನು ಹೀರುವ ಬೂಷ್ಟು! ಸಣ್ಣ ಕಡ್ಡಿಯಂತೆ ಎದ್ದು ನಿಂತಿರುತ್ತದೆ. ಕೂದಲು ಅಂತ ಬ್ರಷ್‌ನಿಂದ ಒರೆಸಿಬಿಟ್ಟರೆ ಮುಗಿಯಿತು.

ಇಷ್ಟೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಲೇಬಲ್. ಒಂದು ಜಾತಿಯ ನೊಣ ಸಾಮಾನ್ಯವಾಗಿ ಒಂದೇ ಬಾವಲಿಯನ್ನೋ, ಅದರ ಹತ್ತಿರದ ಸಂಬಂಧಿಗಳನ್ನೋ ಹಿಡಿದಿರುತ್ತದೆ. ನಮ್ಮ ದೊಡ್ಡ ಹಣ್ಣುಬಾವಲಿಯ ಮೈಮೇಲಿರುವ ಸೈಕ್ಲೋಪೋಡಿಯಾ ಸೈಕೆಸಿಯೈ ಎಂಬ ನೊಣಕ್ಕೆ 1835ರಲ್ಲೇ ಇಂಗ್ಲಿಷ್ ಕೀಟಶಾಸ್ತ್ರಜ್ಞ ವೆಸ್ಟ್‌ವುಡ್ ಹೆಸರಿಟ್ಟಿದ್ದರು. ಈ ನೊಣ ಪುಟ್ಟ ಕೀಟಾಹಾರಿ ಬಾವಲಿಯ ಜಾಡಿಯಲ್ಲಿ ಸಿಕ್ಕರೆ ಹೊಸ ಸಂಶೋಧನೆ ಅಂತ ಕುಣಿಯುವುದಿಲ್ಲ. ಯಾರೋ ಎರಡನ್ನೂ ಒಂದೇ ಚೀಲಕ್ಕೆ ಹಾಕಿರಬೇಕು ಅಂತಲೇ ಮೊದಲು ಅನುಮಾನ. ಬಾವಲಿ ಸತ್ತು ಮೈ ತಣ್ಣಗಾದರೆ ನೊಣ ಪಕ್ಕದ ಬಾವಲಿಗೆ ಹಾರಿಯೋ ಓಡಿಯೋ ಹೋಗುತ್ತದೆ ಅಲ್ವಾ?

ಹಾಗಾಗಿ ಪ್ರತಿ ಬಾವಲಿಯ ನೊಣಕ್ಕೆ ಬೇರೆ ಸೀಸೆ. ಒಳಗಿನ ಚೀಟಿಯಲ್ಲಿ ಬಾವಲಿಯ ದಾಖಲೆ ಸಂಖ್ಯೆ, ಊರು, ತಾರೀಖು, ಹಿಡಿದವರ ಹೆಸರು. ಹಲವು ಬಾವಲಿ ಒಟ್ಟಿಗಿದ್ದ ಜಾಡಿಯದಾದರೆ ‘ಆಶ್ರಯ ಜೀವಿ ಖಚಿತವಿಲ್ಲ’ ಎಂದು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಬಾಲ್ ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಉಳಿಯುವುದಿಲ್ಲ.