ಗ್ಯಾಸ್ ಬಂದ್ ಮಾಡಿದ್ದೇನಾ? ಓಸಿಡಿಯಿಂದ ಹೊರಗೆ ಬರೋದು ಹೇಗೆ

ಕಾಪುವಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೊರಟವ ಪಡುಬಿದ್ರಿಯಲ್ಲಿ ಇಳಿದು ವಾಪಸ್ ಮನೆಗೆ ಹೋದದ್ದು ಎಷ್ಟು ಸಲ ಅಂತ ನಾನು ಲೆಕ್ಕ ಇಟ್ಟಿಲ್ಲ. ಗ್ಯಾಸ್ ಬಂದ್ ಮಾಡಿದ್ದೇನಾ ಇಲ್ವಾ? ಮಾಡಿದ್ದು ಗೊತ್ತುಂಟು, ನಾಬ್ ತಿರುಗಿಸಿದ್ದು ನೆನಪೂ ಉಂಟು, ಆದ್ರೂ ಹೊಟ್ಟೆಯೊಳಗೆ ಎಂತದೋ ಕಿವುಚಿದ ಹಾಗೆ. ಆಮೇಲೆ ಒಂದು ಉಪಾಯ ಮಾಡಿದೆ, ಹೊರಡುವಾಗ ಮೊಬೈಲಲ್ಲಿ ನಾಬಿನ ಫೋಟೋ ತೆಗೆಯೋದು. ಎರಡು ದಿನ ಆರಾಮ. ಮೂರನೇ ದಿನ ಮೂಲ್ಕಿ ದಾಟುವಾಗ ತಲೆಗೆ ಬಂತು, ಫೋಟೋ ತೆಗೆದ ಮೇಲೆ ಕೈ ತಾಗಿ ನಾಬ್ ತಿರುಗಿದ್ರೆ?

ಇದಕ್ಕೇ ಓಸಿಡಿ ಅನ್ನೋದು, ಕನ್ನಡದಲ್ಲಿ ಗೀಳು ಕಾಯಿಲೆ. ಹಿಂದಿನ ಕಾಲದ ಫ್ರೆಂಚ್ ಡಾಕ್ಟ್ರುಗಳು ಸಂಶಯದ ಹುಚ್ಚು ಅಂತಿದ್ರಂತೆ, ನನಗೆ ಆ ಹೆಸರೇ ಸರಿ ಅನಿಸ್ತದೆ.

ಮೊದಲು ಮಾಡಬೇಕಾದ್ದು, ಇದು ಹೌದಾ ಅಲ್ವಾ ಅಂತ ನೋಡೋದು. ಬೀಗ ಹಾಕಿ ಒಂದು ಸಲ ಎಳೆದು ನೋಡೋದು ಕಾಯಿಲೆ ಅಲ್ಲ, ಪಾತ್ರೆ ಸಾಲಾಗಿ ಜೋಡಿಸಿಡೋದೂ ಅಲ್ಲ. "ನನಗೆ ಸ್ವಲ್ಪ ಓಸಿಡಿ ಉಂಟು ಮಾರಾಯ್ರೆ" ಅಂತ ನಗಾಡಿಕೊಂಡು ಹೇಳುವವರಿಗೆ ಹೆಚ್ಚಾಗಿ ಅದು ಇರೋದಿಲ್ಲ. ಇಲ್ಲಿ ಎರಡು ಭಾಗ ಉಂಟು. ಬೇಡ ಅಂದ್ರೂ ನುಗ್ಗಿ ಬರುವ ಯೋಚನೆ ಒಂದು, ಅದರ ಹೆದರಿಕೆ ಇಳಿಸ್ಲಿಕ್ಕೆ ಮಾಡಲೇಬೇಕು ಅನಿಸುವ ಕೆಲಸ ಇನ್ನೊಂದು: ತೊಳೆಯೋದು, ಪರೀಕ್ಷೆ ಮಾಡೋದು, ಎಣಿಸೋದು, ಮನಸ್ಸಲ್ಲೇ ಮಂತ್ರ ಹೇಳೋದು. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸಮಯ ಇದಕ್ಕೇ ಹೋದ್ರೆ, ಅಥವಾ ಕೆಲಸ, ಓದು, ಸಂಸಾರ ಹಾಳಾಗ್ತಾ ಇದ್ರೆ ಡಾಕ್ಟ್ರ ಹತ್ರ ಹೋಗುವ ಹೊತ್ತಾಯ್ತು ಅಂತ ಅರ್ಥ. 100 ಜನರಲ್ಲಿ ಒಬ್ಬಿಬ್ಬರಿಗಾದ್ರೂ ಜೀವನದಲ್ಲಿ ಯಾವಾಗಲಾದ್ರೂ ಇದು ಬರ್ತದೆ, ಹೆಚ್ಚಿನವರಿಗೆ 25 ತುಂಬುವ ಮೊದಲೇ ಶುರು. ನಮ್ಮ ಕಡೆ ಮಡಿ ಮೈಲಿಗೆ ಅನ್ನುವ ಒಂದು ನೆಪ ಬೇರೆ ಉಂಟಲ್ಲ, ಬಚ್ಚಲಲ್ಲಿ ಎರಡು ಗಂಟೆ ಇದ್ರೂ "ಅವರು ಭಾರೀ ಮಡಿ" ಅಂತ ಹೇಳಿ ಮುಗಿಸಿಬಿಡ್ತಾರೆ.

ಎಲ್ಲಕ್ಕಿಂತ ಕಷ್ಟ ಬಾಯಿಬಿಟ್ಟು ಹೇಳ್ಲಿಕ್ಕೆ ಆಗದ ಯೋಚನೆಗಳದ್ದು. ಕನಕನ ಕಿಂಡಿ ಎದುರು ಕೈ ಮುಗಿದು ನಿಂತಾಗ ದೇವರ ಬಗ್ಗೆಯೇ ಕೊಳಕು ಬೈಗುಳ ಮನಸ್ಸಿಗೆ ಬರೋದು, ಹಸಿ ಬಾಣಂತಿಗೆ ಮಗುವನ್ನು ಬಾವಿಗೆ ಹಾಕಿಬಿಟ್ರೆ ಅಂತ ಹೆದರಿಕೆ ಆಗೋದು. ಇಂಥವರು ವರ್ಷಗಟ್ಟಲೆ ಯಾರಿಗೂ ಹೇಳೋದಿಲ್ಲ, ದೇವರಿಗೆ ತಪ್ಪು ಕಾಣಿಕೆ ಹಾಕ್ತಾರೆ, ಜೋಯಿಸರ ಹತ್ರ ಪ್ರಶ್ನೆ ಇಡಿಸ್ತಾರೆ. ಓಸಿಡಿಯಲ್ಲಿ ಬರುವ ಇಂಥ ಯೋಚನೆ ಅವರ ಆಸೆ ಅಲ್ಲ, ಅವರಿಗೆ ಯಾವುದು ಅತೀ ಬೇಡವೋ ಅದೇ ಬರೋದು, ಅದಕ್ಕೇ ಅಷ್ಟು ಹಿಂಸೆ. ಮನೋವೈದ್ಯರಿಗೆ ಇದು ಹೊಸತೇನಲ್ಲ, ನಾಚಿಕೆ ಬಿಟ್ಟು ಹೇಳಿ.

ಡಾಕ್ಟ್ರ ಹತ್ರ ಹೋಗುವ ಮೊದಲು ಒಂದು ವಾರ ನೋಟ್‌ಬುಕ್ಕಲ್ಲಿ ಬರೆದಿಡಿ, ಯಾವ ಯೋಚನೆ, ಎಂತ ಮಾಡಿದ್ದು, ಎಷ್ಟು ಹೊತ್ತು. ಮಂಗಳೂರಲ್ಲಿ ವೆನ್‌ಲಾಕ್ ಜಿಲ್ಲಾಸ್ಪತ್ರೆ ಉಂಟು, ಮಂಗಳೂರು ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಉಂಟು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಬೇರೆ ಕ್ಲಿನಿಕ್ ಉಂಟು. ಯಾರ ಹತ್ರ ಕೇಳೋದು ಅಂತ ಗೊತ್ತಾಗದಿದ್ರೆ ಸರ್ಕಾರದ ಟೆಲಿ ಮಾನಸ್, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟ್ರು ಕಾಯಿಲೆ ಎಷ್ಟು ಜೋರುಂಟು ಅಂತ ನೋಡ್ಲಿಕ್ಕೆ ಯೇಲ್ ಬ್ರೌನ್ ಅಂತ ಒಂದು ಪ್ರಶ್ನಾವಳಿ ಕೇಳಬಹುದು, 10 ಪ್ರಶ್ನೆ, ಒಟ್ಟು 40 ಅಂಕ. ಪರೀಕ್ಷೆ ಅಲ್ಲ ಅದು, ಇಲ್ಲಿ ಕಡಿಮೆ ಮಾರ್ಕ್ ಬಂದಷ್ಟು ಒಳ್ಳೇದು!

ಇನ್ನು ಮದ್ದು. ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಫ್ಲುವೊಕ್ಸಮಿನ್ ಈ ಜಾತಿಯವು, ಹಳೇದರಲ್ಲಿ ಕ್ಲೊಮಿಪ್ರಮಿನ್. ಖಿನ್ನತೆಗೂ ಇವನ್ನೇ ಕೊಡ್ತಾರೆ, ಆದ್ರೆ ಓಸಿಡಿಗೆ ಸಾಮಾನ್ಯವಾಗಿ ಡೋಸ್ ಜಾಸ್ತಿ ಬೇಕಾಗ್ತದೆ, ಗುಣ ಕಾಣ್ಲಿಕ್ಕೆ 8ರಿಂದ 12 ವಾರ ಹಿಡಿತದೆ. ಇಲ್ಲೇ ಹೆಚ್ಚಿನವರು ತಪ್ಪೋದು, ಶುರುವಿಗೆ ಹೊಟ್ಟೆ ತೊಳೆಸಿದ ಹಾಗೆ ಆಗ್ತದೆ, ಹದಿನೈದು ದಿನ ನೋಡ್ತಾರೆ, ಪ್ರಯೋಜನ ಇಲ್ಲ ಅಂತ ಬಿಟ್ಟುಬಿಡ್ತಾರೆ. ಕಡಿಮೆ ಆದ ಮೇಲೂ ಒಂದೆರಡು ವರ್ಷ ತಗೊಳ್ಳಿ ಅಂತ ಹೇಳ್ತಾರೆ. ನಿಲ್ಲಿಸೋದಾದ್ರೂ ಡಾಕ್ಟ್ರಿಗೆ ಕೇಳಿ ನಿಧಾನಕ್ಕೆ ಇಳಿಸ್ಕೊಂಡು ಬರ್ಬೇಕು. ಪಕ್ಕದ ಮನೆಯವರ ಚೀಟಿ ನೋಡಿ ಮೆಡಿಕಲ್ಲಿಂದ ತರೋದು ಬೇಡವೇ ಬೇಡ.

ಮದ್ದಿನಷ್ಟೇ ಮುಖ್ಯ ಇನ್ನೊಂದುಂಟು, ಎಕ್ಸ್‌ಪೋಶರ್ ಆಂಡ್ ರೆಸ್ಪಾನ್ಸ್ ಪ್ರಿವೆನ್ಶನ್ ಅನ್ನುವ ಥೆರಪಿ, ಚಿಕ್ಕದಾಗಿ ಇಆರ್‌ಪಿ. ಹೆದರಿಕೆಯ ಎದುರು ನಿಲ್ಲೋದು, ಆದ್ರೆ ಯಾವಾಗಿನ ಹಾಗೆ ತೊಳೆಯೋದು, ಪರೀಕ್ಷೆ ಮಾಡೋದು ಮಾಡದೆ ಇರೋದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಅನ್ನುವವರು ಹೀಗೆ ಮಾಡಿಸಿದ್ದನ್ನು ಬರೆದ ಮೇಲೆ ಬೆಳೆದ ಕ್ರಮ ಇದು. ಥೆರಪಿಸ್ಟ್ ನನ್ನ ಕೈಯಲ್ಲಿ ಏಣಿ ಬರೆಸಿದ್ರು, ಪ್ರತಿ ಮೆಟ್ಟಿಲಿಗೂ ಹೆದರಿಕೆಯ ಅಂಕ, ನೂರಕ್ಕೆ ಎಷ್ಟು ಅಂತ. ನಾಬ್ ಒಂದೇ ಸಲ ನೋಡಿ ಚಾವಡಿಗೆ ಬಂದು ಕೂತ್ಕೊಳ್ಳೋದು, 30. ಬೀಗ ಹಾಕಿ ಕಾಪು ಪೇಟೆಗೆ ಹೋಗಿ ಬರೋದು, 55. ಫೋಟೋ ತೆಗೆಯದೆ ಬಸ್ ಹತ್ತಿ ಮಂಗಳೂರಿಗೆ ಹೋಗೋದು, 90. ಕೈ ತೊಳೆಯುವವರಿಗಾದ್ರೆ ಬಾಗಿಲಿನ ಚಿಲಕ ಮುಟ್ಟಿ ಅರ್ಧ ಗಂಟೆ ಕೈ ತೊಳೆಯದೆ ಇರೋದು ಒಂದು ಮೆಟ್ಟಿಲು. ಚಾವಡಿಯಲ್ಲಿ ಕೂತ ಮೊದಲ ದಿನ ಅಂಗೈ ಬೆವರಿ ಬನಿಯನ್ನಿಗೆ ಒರೆಸಿಕೊಂಡೆ, ಗಡಿಯಾರವನ್ನೇ ನೋಡ್ತಾ ಇದ್ದೆ, ಮುಕ್ಕಾಲು ಗಂಟೆ ಕಳೆದ ಮೇಲೆ ಹೆದರಿಕೆ ತಾನಾಗಿ ಇಳೀತು. ಏನೂ ಮಾಡದೆ ಇಳೀತು! ಮರುದಿನ ಅರ್ಧ ಗಂಟೆ. ಗ್ಯಾಸ್ ಖಂಡಿತ ಬಂದ್ ಉಂಟು ಅಂತ ಸಮಾಧಾನ ಮಾಡ್ಕೊಳ್ಳುವ ಅಭ್ಯಾಸ ಅಲ್ಲ ಇದು, ಇರಬಹುದು ಇಲ್ಲದೆಯೂ ಇರಬಹುದು ಅಂತ ಬಿಟ್ಟು ಮುಂದೆ ಹೋಗುವ ಅಭ್ಯಾಸ.

ಮನೆಯವರಿಗೆ ಒಂದು ಮಾತು. ನಮ್ಮ ಪಕ್ಕದ ಮನೆಯಲ್ಲೇ ಚಿಕ್ಕಮ್ಮ, ಒಂದು ಕೀ ಅವರ ಹತ್ರ ಉಂಟು. ನಾನು ಬಸ್ಸಿಂದ ಫೋನ್ ಮಾಡಿದ್ರೆ ಪಾಪ ಮೀನು ಕೊಯ್ಯೋದು ಬಿಟ್ಟು ಹೋಗಿ ಬೀಗ ತೆಗೆದು ನೋಡಿ "ಬಂದ್ ಉಂಟು ಮಗಾ" ಅಂತಿದ್ರು. ಪ್ರೀತಿಯೇ ಅದು, ಆದ್ರೆ ಒಂದೊಂದು ಸಲ ಹೇಳಿದಾಗಲೂ ನನ್ನ ಸಂಶಯಕ್ಕೆ ಗೊಬ್ಬರ ಹಾಕಿದ ಹಾಗೆ. ಥೆರಪಿಸ್ಟ್ ಅವರನ್ನೂ ಕರೆಸಿ ಮಾತಾಡಿದ್ರು, ನನ್ನ ಎದುರೇ, ನಾನೂ ಒಪ್ಪಿದೆ. ಅದರ ನಂತರ ಫೋನ್ ಮಾಡಿದಾಗ "ಹೇಳಬಾರ್ದು ಅಂತ ಹೇಳಿದ್ದಾರೆ ಮಗಾ, ನೀನು ಊಟ ಮಾಡಿದೆಯಾ?" ಅಂತ ಕೇಳಿ ಇಟ್ಟುಬಿಟ್ರು. ಒಮ್ಮೆಲೇ ಎಲ್ಲ ನಿಲ್ಲಿಸಿ ಗದರಿಸೋದಲ್ಲ, ಮೊದಲೇ ಮಾತಾಡಿಕೊಂಡು ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ಬೇಕು. "ಮರ್ಲ್" (ತುಳುವಲ್ಲಿ ಹುಚ್ಚು) ಅಂತ ತಮಾಷೆ ಮಾಡೋದಂತೂ ಬೇಡ.

ಪೂರ್ತಿ ಹೋಯ್ತಾ ಅಂತ ಕೇಳಿದ್ರೆ, ಇಲ್ಲ. ನಿದ್ದೆ ಕೆಟ್ಟಾಗ, ಟೆನ್ಶನ್ ಆದಾಗ ತಲೆ ಎತ್ತುತ್ತದೆ. ಹೋದ ಮಳೆಗಾಲದಲ್ಲಿ ನಾಲ್ಕು ದಿನ ಮತ್ತೆ ಫೋಟೋ ತೆಗೆದೆ, ಐದನೇ ದಿನ ಹಳೇ ನೋಟ್‌ಬುಕ್ ಹುಡುಕಿ 30ರ ಮೆಟ್ಟಿಲಿಂದ ಶುರು ಮಾಡಿದೆ, ಚಾವಡಿಯಲ್ಲಿ ಕೂತು.